ಪಹಣಿ, ಪೌತಿ ಖಾತೆ ಮತ್ತು ಅಮೆರಿಕದ ಎಂ.ಎಸ್.

ಅಮೆರಿಕಕ್ಕೆ ಓದಲು ಹೋಗಬೇಕು, ಏನು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮನೆಯ ಖಾತೆ ಯಾರ ಹೆಸರಿನಲ್ಲಿದೆ? ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ ಕೇಳುತ್ತಾನೆ ಎಂದುಕೊಂಡು ಬಂದವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ. 2024ರ ಆಗಸ್ಟ್‌ನಲ್ಲಿ ಆರಂಭವಾಗುವ ಎಂ.ಎಸ್. ತರಗತಿಗೆ ನಾನು ಅರ್ಜಿ ಹಾಕಿದಾಗ ಮುಕ್ಕಾಲು ಪಾಲು ಕೆಲಸ ನಡೆದದ್ದು ಬೆಳಗಾವಿ, ಹಾಸನ, ಅರಸೀಕೆರೆಗಳಲ್ಲಿ. ಅಮೆರಿಕದವರ ಕಡೆಯದು ಉಳಿದ ಕಾಲು ಪಾಲು, ಅದೂ ಕೂತಲ್ಲೇ ಮುಗಿಯುವಂಥದ್ದು.

ನಮ್ಮದು ಅರಸೀಕೆರೆ ಸೀಮೆಯ ತೆಂಗಿನ ತೋಟದ ಮನೆ. ನಾನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಎಲ್ಲರಂತೆ ಒಂದು ಕನ್ಸಲ್ಟೆನ್ಸಿಗೆ ಹೋದೆ. ಅವರು ಐದು ನಿಮಿಷದಲ್ಲಿ ಕಾಲೇಜುಗಳ ಪಟ್ಟಿ ಮುದ್ರಿಸಿ ಕೈಗಿಟ್ಟರು. ನನಗೆ ಬೇಕಾದದ್ದು ಜಲವಿಜ್ಞಾನ. ಪಟ್ಟಿಯಲ್ಲಿದ್ದ ಅರ್ಧ ಕಡೆ ಆ ವಿಷಯವೇ ಇರಲಿಲ್ಲ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಕಾಲೇಜಿನಿಂದ ಕಮಿಷನ್ ಪಡೆಯುವ ಸಂಸ್ಥೆಗಳು ಬೇಕಾದಷ್ಟಿವೆ. ಹಾಗಿರುವಾಗ ಪಟ್ಟಿ ಯಾರ ಅನುಕೂಲಕ್ಕೆ ತಯಾರಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ರ‍್ಯಾಂಕಿಂಗ್ ಬದಿಗಿಟ್ಟು, ನೀರಿನ ಪ್ರಯೋಗಾಲಯ ಎಲ್ಲೆಲ್ಲಿದೆ ಎಂದು ಹುಡುಕಿದೆ. ಐಯೋವ ನದಿಯ ದಂಡೆಯಲ್ಲಿ ಐಯೋವ ವಿಶ್ವವಿದ್ಯಾಲಯದ ಐಐಎಚ್‌ಆರ್ ಎಂಬ ಜಲಸಂಶೋಧನಾ ಸಂಸ್ಥೆ, ಫೋರ್ಟ್ ಕಾಲಿನ್ಸ್‌ನಲ್ಲಿ ಕೊಲರಾಡೊ ಸ್ಟೇಟ್‌ನ ಪ್ರಯೋಗಾಲಯ, ಲೋಗನ್ ಊರಿನಲ್ಲಿ ಯೂಟಾ ಸ್ಟೇಟ್‌ನ ವಾಟರ್ ರಿಸರ್ಚ್ ಲ್ಯಾಬೊರೇಟರಿ. ಈ ಕೊನೆಯದರಲ್ಲಿ ಅಂಕುಡೊಂಕು ಕೋಡಿಗಳ ಮೇಲೆ, ಅಂದರೆ ಲ್ಯಾಬಿರಿಂತ್ ವಿಯರ್‌ಗಳ ಮೇಲೆ ಬಹಳ ಕೆಲಸ ನಡೆದಿದೆ. ಕೋಡಿಯ ಗೋಡೆಯನ್ನು ನೇರವಾಗಿ ಕಟ್ಟದೆ ಮಡಿಕೆ ಮಡಿಕೆಯಾಗಿ ಕಟ್ಟಿದರೆ ಅಷ್ಟೇ ಅಗಲದ ಜಾಗದಲ್ಲಿ ನೀರು ಹೊರಳುವ ಅಂಚಿನ ಉದ್ದ ಹೆಚ್ಚುತ್ತದೆ. ಇದನ್ನು ಓದಿದ ದಿನವೇ ನನ್ನ ಉದ್ದೇಶಪತ್ರ, ಎಲ್ಲರೂ ಎಸ್‌ಒಪಿ ಎನ್ನುವುದು, ತಲೆಯಲ್ಲಿ ತಯಾರಾಯಿತು.

2022ರ ಮಳೆಗಾಲದಲ್ಲಿ ನಮ್ಮ ಕಡೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ನಮ್ಮೂರ ಕೆರೆಯಲ್ಲಿ ಕೋಡಿಯ ಅಗಲ ಸಾಲದೆ ನೀರು ಏರಿಯ ಮಟ್ಟಕ್ಕೆ ಬಂದು, ಊರವರು ರಾತ್ರಿಯೆಲ್ಲ ಮರಳಿನ ಮೂಟೆ ಹೊತ್ತರು. ಕೋಡಿಯನ್ನು ಹಿಗ್ಗಿಸೋಣವೆಂದರೆ ಎರಡೂ ಬದಿಗೆ ಜನರ ತೋಟ. ಇದ್ದ ಅಗಲದಲ್ಲೇ ಹೆಚ್ಚು ನೀರನ್ನು ಹೊರಬಿಡುವುದು ಹೇಗೆ? ಉದ್ದೇಶಪತ್ರದ ತುಂಬ ಇದೊಂದೇ ಪ್ರಶ್ನೆ: ನಾನು ಅಳೆದ ಕೋಡಿಯ ಅಗಲ, ನಾನು ಹಾಕಿದ ಲೆಕ್ಕ, ಆ ಲೆಕ್ಕ ಎಲ್ಲಿ ನಿಂತುಹೋಯಿತು, ಮುಂದಕ್ಕೆ ಯಾರ ಬಳಿ ಏನು ಕಲಿಯಬೇಕು. ‘ಬಾಲ್ಯದಿಂದಲೂ ನನಗೆ ಎಂಜಿನಿಯರಿಂಗ್ ಎಂದರೆ ಪಂಚಪ್ರಾಣ’ ಎಂದು ಆರಂಭವಾಗುವ ಪತ್ರಗಳನ್ನು ಗೆಳೆಯರ ಬಳಿ ಕಂತೆಗಟ್ಟಲೆ ನೋಡಿದ್ದೇನೆ. ಹೆಸರು ಬದಲಿಸಿದರೆ ಯಾರದ್ದು ಯಾರಿಗೆ ಬೇಕಾದರೂ ಸಲ್ಲುತ್ತದೆ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಆರ್‌ಇ 2023ರ ಸೆಪ್ಟೆಂಬರ್‌ನಿಂದ ಎರಡು ಗಂಟೆಯೊಳಗೆ ಮುಗಿಯುತ್ತದೆ, ಅಂಕಕ್ಕೆ ಐದು ವರ್ಷ ಆಯುಸ್ಸು. ಹಲವು ವಿಭಾಗಗಳು ಅದನ್ನು ಕೇಳುವುದನ್ನೇ ಬಿಟ್ಟಿವೆ. ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನ ಅಂಕ ಎರಡೇ ವರ್ಷ ನಡೆಯುತ್ತದೆ, ಆದ್ದರಿಂದ ತೀರಾ ಮೊದಲೇ ಬರೆಯಬೇಡಿ.

ಶಿಫಾರಸು ಪತ್ರದ ವಿಷಯಕ್ಕೆ ಬರೋಣ. ನಮ್ಮ ಕಾಲೇಜುಗಳ ರೂಢಿ ಎಲ್ಲರಿಗೂ ಗೊತ್ತು. "ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕಿಕೊಡುತ್ತೇನೆ" ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ಈಗ ಸಹಿಯ ಕಾಗದ ಎಲ್ಲೂ ಇಲ್ಲ, ನಿಮ್ಮ ಇಮೇಲ್‌ಗೇ ಲಿಂಕ್ ಬರುತ್ತದೆ ಸರ್ ಎಂದೆ. ಪತ್ರದ ಬದಲು ಒಂದು ಹಾಳೆಯಲ್ಲಿ ನನ್ನ ಪ್ರಾಜೆಕ್ಟ್‌ನಲ್ಲಿ ಅವರೇ ಕಂಡ ಸಂಗತಿಗಳನ್ನಷ್ಟೇ ಪಟ್ಟಿ ಮಾಡಿ ಕೊಟ್ಟೆ: ಫ್ಲೂಮ್ (ಪ್ರಯೋಗಾಲಯದಲ್ಲಿ ನೀರು ಹರಿಸುವ ಕಾಲುವೆ) ಸೋರಿದಾಗ ಏನಾಯಿತು, ಅಳತೆಯನ್ನು ಎಷ್ಟು ಸಲ ತೆಗೆದೆವು. ಅದನ್ನು ಓದಿ ಅವರಿಗೂ ನೆನಪು ಬಂತು. ಒಂದು ಶನಿವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಕೂತು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅವರೇ ಬರೆದರು, ನಾನು ಹೊರಗೆ ಬೆಂಚಿನ ಮೇಲಿದ್ದೆ. ಪತ್ರದ ಜೊತೆ ಒಂದು ಕೋಷ್ಟಕವೂ ಇರುತ್ತದೆ: ಈ ವಿದ್ಯಾರ್ಥಿ ನಿಮ್ಮ ತರಗತಿಯ ಮೊದಲ ಶೇ 5ರಲ್ಲಿದ್ದಾನೆಯೇ, ಶೇ 10ರಲ್ಲೇ ಎಂದು. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿ ನಿಮ್ಮನ್ನು ಕೇಳುತ್ತದೆ. ಹೌದು ಎನ್ನಿ; ವಿದ್ಯಾರ್ಥಿ ಓದಬಹುದಾದ ಪತ್ರವನ್ನು ಯಾರೂ ಪೂರ್ತಿ ನಂಬುವುದಿಲ್ಲ. ಲಿಂಕ್ ಸ್ಪ್ಯಾಮ್‌ಗೆ ಹೋಗಿ ಕೂತಿರುತ್ತದೆ, ಅದನ್ನು ಅವರ ಎದುರೇ ಹುಡುಕಿಸಿ.

ಇನ್ನು ಹೆಸರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹೀಗಾಗಿ ನಮ್ಮೂರು ನನ್ನ ಕುಲನಾಮವಾಗಿದೆ. ಗೆಳೆಯನೊಬ್ಬನ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇತ್ತು. ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಅವನ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಯಿತು: ಮೊದಲ ಹೆಸರು ತಿಳಿಯದು. ಈಗ ಬ್ಯಾಂಕಿನವರೂ ಅವನನ್ನು ಹಾಗೇ ಕರೆಯುತ್ತಾರೆ. ಅರ್ಜಿ, ಪರೀಕ್ಷೆ, ವೀಸಾ ಎಲ್ಲಕ್ಕೂ ಪಾಸ್‌ಪೋರ್ಟ್‌ನ ಹೆಸರೇ ಇರಲಿ. ಅಂಕಪಟ್ಟಿಯ ಹೆಸರೂ ಅದೂ ಒಬ್ಬನದೇ ಎಂಬ ನೋಟರಿ ಪ್ರಮಾಣಪತ್ರವೊಂದು ಕೈಯಲ್ಲಿರಲಿ.

ಅಂಕಪಟ್ಟಿಗಳಿಗಾಗಿ ಮೊದಲೇ ಬೆಳಗಾವಿಯ ಕಡೆ ಓಡಬೇಕಾಗಿಲ್ಲ. ಬಹಳಷ್ಟು ಕಡೆ ಅರ್ಜಿಯ ಹಂತದಲ್ಲಿ ಸ್ಕ್ಯಾನ್ ಮಾಡಿದ ಪ್ರತಿ ಸಾಕು, ವಿಟಿಯುನಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಬೇಕಾಗುವುದು ಸೀಟು ಸಿಕ್ಕ ಮೇಲೆ. ಹತ್ತಕ್ಕಿರುವ ಸಿಜಿಪಿಎಯನ್ನು ಅವರು ಕೇಳದ ಹೊರತು ನಾಲ್ಕಕ್ಕೆ ಇಳಿಸಿ ಬರೆಯಬೇಡಿ. ಅರ್ಜಿ ಶುಲ್ಕ ಕಟ್ಟುವ ಮೊದಲು ಕಾರ್ಡಿನಲ್ಲಿ ವಿದೇಶಿ ಪಾವತಿ ಚಾಲೂ ಇದೆಯೇ ನೋಡಿಕೊಳ್ಳಿ. ಡಿಸೆಂಬರ್ 15ರ ಗಡುವಿನ ರಾತ್ರಿ ಬ್ಯಾಂಕಿನ ಸಹಾಯವಾಣಿ ಯಾರನ್ನೂ ಕಾಪಾಡುವುದಿಲ್ಲ. ವಿಭಾಗದಲ್ಲಿ ಕೆಲಸ ಮಾಡಿ ಸಂಬಳ ಪಡೆಯುವ ಅಸಿಸ್ಟಂಟ್‌ಶಿಪ್ ಸಮೇತ ಸೀಟು ಬಂದರೆ ಗಾಬರಿಯಿಂದ ಒಪ್ಪಿಕೊಳ್ಳಬೇಕಿಲ್ಲ: ಅಲ್ಲಿನ ಸ್ನಾತಕೋತ್ತರ ಶಾಲೆಗಳ ಮಂಡಳಿಯ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ಮೊದಲು ಉತ್ತರ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ.

ನನಗೆ ಲೋಗನ್‌ನಿಂದ ಸೀಟು ಬಂತು, ಹಣ ಬರಲಿಲ್ಲ. ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಬೇಕೆಂದರೆ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಹಲವು ಕಡೆ ಇದು 40 ಸಾವಿರ ಡಾಲರ್ ದಾಟುತ್ತದೆ. ಇದಕ್ಕಾಗಿ ಅರ್ಜಿ ಹಾಕುವ ಮೊದಲೇ ಅಪ್ಪ ಪಹಣಿಗಳ ಕಟ್ಟು ಹಿಡಿದು ನನ್ನೊಡನೆ ಬ್ಯಾಂಕಿಗೆ ಬಂದಿದ್ದರು. ಮ್ಯಾನೇಜರ್ ಅದನ್ನು ಬಿಚ್ಚಲೂ ಇಲ್ಲ. "ಯಜಮಾನರೇ, ತೋಟ ಎಷ್ಟಿದ್ದರೂ ಇದಕ್ಕೆ ಆಗುವುದಿಲ್ಲ" ಎಂದರು. ಕಾರಣ 2002ರ ಸರ್ಫೇಸಿ ಕಾಯ್ದೆ: ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕಿಗೆ ಕೊಡುವ ಈ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ, ನಮ್ಮ ಬ್ಯಾಂಕಿಗೆ ಅದು ಮನೆಯೋ ನಿವೇಶನವೋ ಆಗಿರಬೇಕಿತ್ತು.

ಇದ್ದದ್ದು ಪೇಟೆಯಲ್ಲಿ ತಾತ ಕಟ್ಟಿಸಿದ ಒಂದು ಮನೆ. ತಾತ ತೀರಿಕೊಂಡು ಬಹಳ ಕಾಲವಾಗಿತ್ತು, ಖಾತೆ ಮಾತ್ರ ಅವರ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಬ್ಯಾಂಕಿನ ವಕೀಲರ ಅಭಿಪ್ರಾಯ, ಮೌಲ್ಯಮಾಪಕರ ವರದಿ. ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಅತ್ತೆಯರಿಂದ ಹಕ್ಕು ಬಿಡುಗಡೆ ಪತ್ರ ಬೇಕಾಯಿತು. "ನೀನು ಅಮೆರಿಕಕ್ಕೆ ಹೋಗುವುದಕ್ಕೆ ನಮ್ಮಪ್ಪನ ಮನೆ ಯಾಕೋ ಬೇಕು?" ಎಂದು ದೊಡ್ಡತ್ತೆ ಕೇಳಿದರು. ಕೇಳಿದ್ದರಲ್ಲಿ ನ್ಯಾಯವಿತ್ತು. ಅವರ ಪಾಲಿನ ಹಣವನ್ನು ಕೊಬ್ಬರಿ ಮಾರಿದ ದುಡ್ಡಿನಿಂದ ಕಂತಿನಲ್ಲಿ ಕೊಡುವುದೆಂದು ಅಪ್ಪ ಒಪ್ಪಿದ ಮೇಲೆಯೇ ಅವರು ಉಪನೋಂದಣಿ ಕಚೇರಿಗೆ ಬಂದದ್ದು. ಈ ಕೆಲಸವನ್ನು ಸೀಟು ಬಂದ ಮೇಲೆ ಹಿಡಿದಿದ್ದರೆ ಆಗಸ್ಟ್ ದಾಟಿಹೋಗುತ್ತಿತ್ತು. ಬ್ಯಾಂಕಿಗೆ ಹೋಗುವುದನ್ನು ಅರ್ಜಿಗಿಂತ ಮೊದಲೇ ಇಟ್ಟುಕೊಂಡದ್ದು ಸೀನಿಯರ್ ಒಬ್ಬರ ಮಾತು ಕೇಳಿ. ಅವರಿಗೆ ನಾನು ಋಣಿ.

ಐ-20 ಕೈಗೆ ಬಂದ ಮೇಲೆ, 2024ರಲ್ಲಿ, 350 ಡಾಲರ್ ಸೆವಿಸ್ ಶುಲ್ಕ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯದು), 185 ಡಾಲರ್ ವೀಸಾ ಶುಲ್ಕ, ಡಿಎಸ್-160 ಎಂಬ ವೀಸಾ ಅರ್ಜಿ, ಚೆನ್ನೈ ಪ್ರಯಾಣ. ಬೆರಳಚ್ಚಿಗೆ ಒಂದು ಕಡೆ, ಸಂದರ್ಶನಕ್ಕೆ ಅಣ್ಣಾ ಸಾಲೈನಲ್ಲಿರುವ ಕಾನ್ಸುಲೇಟ್. ಗಾಜಿನಾಚೆಯ ಅಧಿಕಾರಿ ಏನು ಓದುತ್ತೀಯ ಎಂದರು. ಕೆರೆಯ ಕೋಡಿ ಎಂದೆ. ಹಣ ಯಾರು ಕೊಡುತ್ತಾರೆ ಎಂದರು. ಸಾಲದ ಮಂಜೂರಾತಿ ಪತ್ರ ತೋರಿಸಲು ಹೋದೆ, ಬೇಡವೆಂದು ಕೈಯಾಡಿಸಿ ಪಾಸ್‌ಪೋರ್ಟ್ ಇಟ್ಟುಕೊಂಡರು. ವಂಶವೃಕ್ಷದವರೆಗೆ ಎಲ್ಲವನ್ನೂ ತುಂಬಿಕೊಂಡು ಹೋಗಿದ್ದ ಫೈಲನ್ನು ಯಾರೂ ತೆರೆಯಲಿಲ್ಲ. 2025ರ ಜೂನ್‌ನಿಂದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಎಲ್ಲರಿಗೂ ಕಾಣುವಂತೆ ಇಡಬೇಕೆಂಬ ನಿಯಮ ಬಂದಿದೆ, ಈಗ ಹೋಗುವವರು ಗಮನಿಸಿ.

ಕೊನೆಯದು ಲಸಿಕೆ. ದಡಾರದ ಎಂಎಂಆರ್ ಎರಡು ಡೋಸ್ ಆಗಿರುವ ದಾಖಲೆಯನ್ನು ಬಹಳಷ್ಟು ವಿಶ್ವವಿದ್ಯಾಲಯಗಳು ಕೇಳುತ್ತವೆ. ನನ್ನ ಬಾಲ್ಯದ ಲಸಿಕೆ ಚೀಟಿ ಅಮ್ಮನ ಟ್ರಂಕಿನಲ್ಲಿ ಸಿಗಲಿಲ್ಲ, ಹಾಗಾಗಿ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೈಗೂಸುಗಳ ಸಾಲಿನಲ್ಲಿ ನಿಂತು ಹೊಸದಾಗಿ ಚುಚ್ಚಿಸಿಕೊಂಡೆ. ಎರಡು ಡೋಸ್‌ಗಳ ನಡುವೆ ಕನಿಷ್ಠ 28 ದಿನ ಇರಬೇಕು, ಆದ್ದರಿಂದ ಜೂನ್‌ನಲ್ಲೇ ಮೊದಲನೆಯದು ಮುಗಿದಿರಲಿ.