ಹಳ್ಳಕ್ಕೊಂದು ಕಾಲುಸಂಕ: ಕೊನೆಯ ವರ್ಷದ ಪ್ರಾಜೆಕ್ಟ್ ಮಳೆಗಾಲದಲ್ಲೇ ಶುರುವಾಗಲಿ

ಮಲೆನಾಡು, ಕರಾವಳಿಯ ಎಷ್ಟೋ ಊರುಗಳಲ್ಲಿ ಮಳೆಗಾಲ ಹತ್ತಿರವಾದರೆ ಅಡಿಕೆ ಮರವನ್ನೋ ಬೈನೆ ಮರವನ್ನೋ ಕಡಿದು ಹಳ್ಳಕ್ಕೆ ಅಡ್ಡ ಹಾಕಿ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಮಾಡುವುದು ಇಂದಿಗೂ ನಡೆದೇ ಇದೆ. ನಾಲ್ಕು ದಿನ ಮಳೆ ಹಿಡಿದರೆ ಪಾಚಿ ಕಟ್ಟಿ ಜಾರುತ್ತದೆ, ಮಣ್ಣಿಗೆ ತಾಗಿದ ತುದಿ ಲಡ್ಡಾಗುತ್ತದೆ. ಮಕ್ಕಳು ಬ್ಯಾಗು, ಕೊಡೆ ಹಿಡಿದು ಅದರ ಮೇಲೆಯೇ ಶಾಲೆಗೆ ಹೋಗಬೇಕು. ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ನಾಲ್ಕು ಜನರ ತಂಡಕ್ಕೆ ಇಂಥ ಕಡೆ ಗಟ್ಟಿ ಕಾಲುಸಂಕವೊಂದನ್ನು ವಿನ್ಯಾಸ ಮಾಡುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗುವುದು ಕಷ್ಟ. ಸರ್ವೆ, ನೀರಿನ ಲೆಕ್ಕ, ಉಕ್ಕು, ಕಾಂಕ್ರೀಟ್, ಅಂದಾಜುಪಟ್ಟಿ ಎಲ್ಲವೂ ಇದರಲ್ಲಿವೆ. ಆದರೂ ಇಂಥ ವಿನ್ಯಾಸ ವರದಿಯ ರಟ್ಟಿನೊಳಗೇ ಉಳಿಯುವುದಕ್ಕೆ ಮುಖ್ಯ ಕಾರಣ ಎರಡು. ತಂಡ ಹಳ್ಳವನ್ನು ನೋಡುವುದು ಬೇಸಿಗೆಯಲ್ಲಿ. ತೊಲೆಯನ್ನು ಅಲ್ಲಿಗೆ ಸಾಗಿಸುವುದು ಹೇಗೆಂದು ಯೋಚಿಸುವುದೇ ಇಲ್ಲ.

ಜಾಗ ಮತ್ತು ನೆರೆಮಟ್ಟ

ಜನವರಿಯಲ್ಲಿ ಪಾದ ಮುಳುಗುವಷ್ಟು ನೀರಿರುವ ಹಳ್ಳ ಜುಲೈಯಲ್ಲಿ ಆಳೆತ್ತರ ಹರಿಯಬಹುದು. ಹಾಗಾಗಿ ಆರನೇ ಸೆಮಿಸ್ಟರ್ ಮುಗಿದ ಮಳೆಗಾಲದಲ್ಲೇ ಒಮ್ಮೆ ಹೋಗಿ ನೋಡಿ. ಸಂಕದ ಜಾಗ ಹಳ್ಳದ ತಿರುವಿನಲ್ಲಿ ಬೇಡ, ಹೊರದಡ ಕೊರೆದುಹೋಗುತ್ತದೆ. ನೇರವಾಗಿ ಹರಿಯುವ, ಎರಡೂ ದಡ ಗಟ್ಟಿಯಿರುವ ಕಡೆ ಆರಿಸಿ. ಎರಡೂ ದಡದ ಸರ್ವೆ ನಂಬರು ಯಾರದೆಂದು ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಅರಣ್ಯ ಜಾಗವಾದರೆ ಅನುಮತಿಯ ಹಾದಿಯೇ ಬೇರೆ.

ನೆರೆಮಟ್ಟವನ್ನು ಮೂವರು ಹಿರಿಯರಿಂದ ಬೇರೆ ಬೇರೆಯಾಗಿ ಕೇಳಿ. 'ಎಷ್ಟು ನೀರು ಬರುತ್ತೆ?' ಎಂದು ಕೇಳಿದರೆ ಉಪಯೋಗವಿಲ್ಲ. '2019ರ ಆಗಸ್ಟಿನ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಮುಟ್ಟಿ ತೋರಿಸಿ' ಎನ್ನಿ. ತೋರಿಸಿದ ಕಡೆಗಳಿಗೆ ಬಣ್ಣದ ಗುರುತು ಹಾಕಿ, ಅಲುಗಾಡದ ಬಂಡೆಯೊಂದನ್ನು ಬೆಂಚ್‌ಮಾರ್ಕ್ (ಅಳತೆಯ ಆಧಾರ ಬಿಂದು) ಮಾಡಿಕೊಂಡು ಮಟ್ಟ ನೋಡುವ ಸರ್ವೆ ಉಪಕರಣವಾದ ಆಟೊ ಲೆವೆಲ್‌ನಲ್ಲಿ ಅಳೆಯಿರಿ. ಮೂರು ಗುರುತುಗಳ ನಡುವೆ 30 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೊಂಬೆಗಳಲ್ಲಿ ಸಿಕ್ಕಿಕೊಂಡ ಕಸ, ಬೇರುಗಳ ಮೇಲಿನ ಕೆಸರಿನ ಗೆರೆ ಹುಡುಕಿ. ಅವು ಮರೆಯುವುದಿಲ್ಲ.

ಆಮೇಲೆ ಲೆಕ್ಕದಿಂದ ತಾಳೆ ನೋಡಬೇಕು. ಜಲಾನಯನ 60 ಹೆಕ್ಟೇರ್, ಮಳೆಯ ತೀವ್ರತೆ ಗಂಟೆಗೆ 100 ಮಿ.ಮೀ. ಎಂದಿಟ್ಟುಕೊಳ್ಳಿ. ಕಾಡಿಗೆ ಪಠ್ಯಪುಸ್ತಕದಲ್ಲಿರುವ 0.3ರ ಗುಣಾಂಕವನ್ನು (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) ಹಾಗೇ ಹಾಕಿದರೆ ಹರಿವು ಸೆಕೆಂಡಿಗೆ 5 ಘನ ಮೀಟರ್ ಬರುತ್ತದೆ. ಆದರೆ ಜುಲೈ ಹೊತ್ತಿಗೆ ನೆಲ ನೀರು ಕುಡಿದು ತಣಿದಿರುತ್ತದೆ, ಬಿದ್ದ ಮಳೆ ಹರಿದೇ ಹೋಗುತ್ತದೆ. 0.6 ಹಾಕಿದರೆ 10 ಘನ ಮೀಟರ್. ಈಗ ನೆರೆಮಟ್ಟದ ಗುರುತಿನಿಂದ ಹಳ್ಳದ ಅಡ್ಡಕೊಯ್ತ ಬರೆಯಿರಿ: 6 ಮೀ. ಅಗಲ, ಸರಾಸರಿ 1.2 ಮೀ. ಆಳ, ಇಳಿಜಾರು 200ಕ್ಕೆ 1, ಕಲ್ಲು ಗಿಡಗಂಟಿಗಳಿರುವುದರಿಂದ ಮ್ಯಾನಿಂಗ್ ಗುಣಾಂಕ (ಹಳ್ಳದ ಒರಟುತನದ ಅಳತೆ) 0.05. ಹರಿವು ಸುಮಾರು 9.2 ಬರುತ್ತದೆ. ಎರಡೂ ಹತ್ತಿರ ಹತ್ತಿರ ಇವೆ, ಮುಂದುವರಿಯಬಹುದು. ಒಂದು ಇನ್ನೊಂದರ ಒಂದೂವರೆ ಪಟ್ಟು ಮೀರಿದರೆ ಮತ್ತೆ ಹಳ್ಳಕ್ಕೆ ಇಳಿಯಿರಿ.

3ರಿಂದ 30 ಘನ ಮೀಟರ್ ಹರಿವಿಗೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಪ್ರಕಾರ ನೆರೆಮಟ್ಟದ ಮೇಲೆ 600 ಮಿ.ಮೀ. ತೆರವು ಬೇಕು. ಇದನ್ನು ತೊಲೆಯ ತಳಕ್ಕೆ ಅಳೆಯಬೇಕು, ನಡೆಯುವ ಹಲಗೆಗಲ್ಲ. 350 ಮಿ.ಮೀ. ತೊಲೆ, 75 ಮಿ.ಮೀ. ಹಲಗೆ ಸೇರಿ 425 ಮಿ.ಮೀ. ಆಗುತ್ತದೆ. ಇಲ್ಲಿ ತಪ್ಪಿದರೆ ಉಳಿಯುವ ತೆರವು 175 ಮಿ.ಮೀ. ಮಾತ್ರ. ತೇಲಿಬರುವ ಒಂದು ಮರದ ದಿಮ್ಮಿ ಸಾಕು.

ದಡದ ಕೆಳಗೆ ಏನಿದೆ?

ಎರಡೂ ದಡದಲ್ಲಿ 2 ಮೀ. ಆಳದ ಗುಂಡಿ ತೆಗೆಸಿ. ಕರಾವಳಿಯಲ್ಲಿ ಮೇಲೆ ಗಟ್ಟಿ ಮುರಕಲ್ಲು ಕಂಡು ಖುಷಿಪಟ್ಟರೆ ಮೋಸ ಹೋಗುತ್ತೀರಿ. ಅದರಡಿ ಶೇಡಿ ಮಣ್ಣು ಇರಬಹುದು. ಒಣಗಿದಾಗ ಹಾರೆಗೂ ಗಟ್ಟಿ, ನೀರು ತಾಗಿದರೆ ಬೆಣ್ಣೆಯಂತೆ ಕರಗುತ್ತದೆ. ಗುಂಡಿಯ ಮಣ್ಣಿನ ಹೆಂಟೆಯೊಂದನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಕುಸಿದು ರಾಡಿಯಾದರೆ ಅದರ ಮೇಲೆ ಅಡಿಪಾಯ ಬೇಡ. ಗಟ್ಟಿ ಬಂಡೆ ಸಿಕ್ಕರೆ 0.6 ಮೀ. ಒಳಗೆ ಕೂರಿಸಿದರೆ ಸಾಕು. ಸಿಗದಿದ್ದರೆ ಕೊರೆತದ ಆಳ ಲೆಕ್ಕಹಾಕಿ ಅದಕ್ಕಿಂತ ಕೆಳಗೆ ಇಳಿಯಬೇಕು.

ತೊಲೆ

ದಡದಿಂದ ದಡಕ್ಕೆ 12 ಮೀ., ಅಗಲ 1.2 ಮೀ. ಇರುವ ಸಂಕವನ್ನೇ ಉದಾಹರಣೆಯಾಗಿ ನೋಡೋಣ. ಜನಸಂದಣಿಯ ಭಾರ ಚದರ ಮೀಟರಿಗೆ 5 ಕಿಲೋನ್ಯೂಟನ್ ಹಿಡಿದರೆ ಉದ್ದದ ಪ್ರತಿ ಮೀಟರಿಗೆ 6, ಸಂಕದ ಸ್ವಂತ ಭಾರ ಸುಮಾರು 3.5. ಎರಡು ತೊಲೆಗಳಿರುವುದರಿಂದ ಒಂದೊಂದಕ್ಕೆ 4.75. ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ, I ಆಕಾರದ ಉಕ್ಕಿನ ತೊಲೆ) ಹಾಕಿದರೆ ಒತ್ತಡ 149 ಮೆಗಾಪಾಸ್ಕಲ್, 165ರ ಮಿತಿಯೊಳಗೇ ಇದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಬಾಗು ನೋಡಿ: ಜನಭಾರಕ್ಕೇ 47 ಮಿ.ಮೀ., ಉದ್ದದ ಮುನ್ನೂರನೇ ಒಂದು ಭಾಗದ ಮಿತಿ 40. ಮುರಿಯುವುದಿಲ್ಲ ನಿಜ, ಆದರೆ ಕಾಲಡಿ ತೂಗುತ್ತದೆ, ಕೆಳಗೆ ಕೆಂಪು ನೀರು ಭೋರ್ಗರೆಯುವಾಗ ಮಗುವಿನ ಧೈರ್ಯ ಉಡುಗುತ್ತದೆ. ಐಎಸ್‌ಎಂಬಿ 350ಕ್ಕೆ ಬಾಗು 30 ಮಿ.ಮೀ.ಗೆ ಇಳಿಯುತ್ತದೆ, ಕಂಪನ ಸೆಕೆಂಡಿಗೆ ನಾಲ್ಕರ ಮೇಲಿರುತ್ತದೆ. ಮನುಷ್ಯರ ನಡಿಗೆ ಸೆಕೆಂಡಿಗೆ ಸುಮಾರು 2 ಹೆಜ್ಜೆ, ಆದ್ದರಿಂದ ತೊಂದರೆಯಿಲ್ಲ.

ಈ ತೊಲೆ ಮೀಟರಿಗೆ 52.4 ಕೆ.ಜಿ., ಒಂದೊಂದು 629 ಕೆ.ಜಿ. ಲಾರಿ ನಿಲ್ಲುವುದು ಟಾರು ರಸ್ತೆಯಲ್ಲಿ, ಅಲ್ಲಿಂದ ಮುಂದೆ ತೋಟದ ಕಾಲುದಾರಿ. ಹಾಗಾಗಿ ತೊಲೆಯನ್ನು 3, 6, 3 ಮೀಟರಿನ ತುಂಡುಗಳಾಗಿ ಮಾಡಿ, ಬೋಲ್ಟು ಹಾಕಿದ ಜೋಡುಪಟ್ಟಿಗಳಿಂದ ಸೇರಿಸುವಂತೆ ವಿನ್ಯಾಸ ಮಾಡಿ. 3 ಮೀ. ತುಂಡು 157 ಕೆ.ಜಿ., ಎಂಟು ಜನ ಹೊರಬಲ್ಲರು. ನಡುವಿನದು 314 ಕೆ.ಜಿ., ಹದಿನಾರು ಜನ ಬೇಕು. ಸಮನಾಗಿ 4 ಮೀಟರಿನಂತೆ ಕತ್ತರಿಸಿದರೆ ಹೊರುವುದು ಸುಲಭ, ಆದರೆ ಜೋಡಣೆಯ ಜಾಗದಲ್ಲಿ ಬಾಗುಬಲ ಗರಿಷ್ಠದ ಶೇ 89ರಷ್ಟಿರುತ್ತದೆ. 3 ಮೀಟರಿನಲ್ಲಿ ಅದು ಶೇ 75. ದಾರಿ ಕಡಿದಾಗಿದ್ದರೆ ಮಾತ್ರ ಸಮ ತುಂಡಿಗೆ ಹೋಗಿ, ಬೋಲ್ಟು ಹೆಚ್ಚಿಸಿ. ಒಂದು ತುದಿಯನ್ನು ಬಿಗಿಯಾಗಿ ಹಿಡಿಸಿ, ಇನ್ನೊಂದಕ್ಕೆ ಉದ್ದನೆಯ ತೂತು ಬಿಡಿ. 30 ಡಿಗ್ರಿ ಬಿಸಿ ಏರಿದರೆ ತೊಲೆ 4 ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ.

ಹಳ್ಳದ ಅಗಲ 20 ಮೀಟರ್ ದಾಟಿದರೆ ಈ ಬಗೆ ದುಬಾರಿ. ಆಗ ಸುಳ್ಯದ ಗಿರೀಶ್ ಭಾರದ್ವಾಜರ ತೂಗುಸೇತುವೆಗಳನ್ನು ಹೋಗಿ ನೋಡಿ, ಲಂಗರಿನ ಕಟ್ಟೆಯನ್ನು ವಿಶೇಷವಾಗಿ.

ಹಲಗೆ, ಕೈಹಿಡಿ

ಹಲಗೆಗಳನ್ನು ಊರಲ್ಲೇ ಎರಕ ಹೊಯ್ಯಬಹುದು: 1.2 ಮೀ. ಉದ್ದ, 29 ಸೆಂ.ಮೀ. ಅಗಲ, 75 ಮಿ.ಮೀ. ದಪ್ಪ, ನಡುವೆ 1 ಸೆಂ.ಮೀ. ಸಂದು. ಒಟ್ಟು 40, ಒಂದೊಂದು 65 ಕೆ.ಜಿ., ಇಬ್ಬರು ಎತ್ತಬಹುದು. 12 ಮಿ.ಮೀ. ಜಲ್ಲಿ, ಎಂ25 ದರ್ಜೆಯ ಕಾಂಕ್ರೀಟ್ ಮಿಶ್ರಣ, ಸುಮಾರು 8 ಚೀಲ ಸಿಮೆಂಟು. ಮೇಲ್ಮೈಯನ್ನು ನುಣ್ಣಗೆ ತೀಡಬೇಡಿ, ಹಸಿಯಿರುವಾಗಲೇ ತೆಂಗಿನ ಕಡ್ಡಿ ಪೊರಕೆಯಿಂದ ಅಡ್ಡ ಗೀರು ಎಳೆಯಿರಿ. ಕೈಹಿಡಿ 1.1 ಮೀ. ಎತ್ತರ, ಪುಟ್ಟ ಮಕ್ಕಳಿಗಾಗಿ 45 ಸೆಂ.ಮೀ.ನಲ್ಲಿ ಇನ್ನೊಂದು ಅಡ್ಡಪೈಪು.

ಬೈಕು ಬಂದೇ ಬರುತ್ತದೆ, ತಡೆಯಲಾಗದು. ಎರಡು ತೊಲೆಗಳ ಅಂತರ 80 ಸೆಂ.ಮೀ. ಇಟ್ಟರೆ ಹಲಗೆ ಎರಡೂ ಕಡೆ 20 ಸೆಂ.ಮೀ. ಚಾಚಿರುತ್ತದೆ. ಆ ಚಾಚಿನ ತುದಿಯಲ್ಲಿ 200 ಕೆ.ಜಿ. ಹಿಂಚಕ್ರ ನಿಂತರೆ ಏನಾಗುತ್ತದೆಂದು ಪರೀಕ್ಷಿಸಿ. ಇಲ್ಲಿ ಹಲಗೆಯ ಮೇಲ್ಭಾಗ ಎಳೆತಕ್ಕೆ ಸಿಗುವುದರಿಂದ ಮೇಲೂ ಕಂಬಿ ಬೇಕು. ಪವರ್ ಟಿಲ್ಲರ್ ಮಾತ್ರ ನುಗ್ಗದಂತೆ ಎರಡೂ ತುದಿಗಳಲ್ಲಿ ದಾರಿಯ ನಡುಮಧ್ಯೆ ಒಂದೊಂದು ಗೂಟ ನೆಡಿ.

ಅಂದಾಜುಪಟ್ಟಿಯನ್ನು ಲೋಕೋಪಯೋಗಿ ಇಲಾಖೆಯ ಆ ವೃತ್ತದ ದರಪಟ್ಟಿಯಂತೆ ಮಾಡಿ, ಹೊರೆಗೂಲಿಯನ್ನು ಪ್ರತ್ಯೇಕವಾಗಿ ತೋರಿಸಿ. ವಿದ್ಯಾರ್ಥಿಗಳ ನಕ್ಷೆಯನ್ನು ನೇರವಾಗಿ ಕಟ್ಟುವಂತಿಲ್ಲ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರು ಪರಿಶೀಲಿಸಿ ಸಹಿ ಹಾಕಬೇಕು. ಪ್ರಾಜೆಕ್ಟ್ ಖರ್ಚಿಗೆ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಯೋಜನಾ ಕಾರ್ಯಕ್ರಮಕ್ಕೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು.

ವರದಿಯ ಜೊತೆ ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯಿತಿಗೂ ಶಾಲೆಗೂ ಕೊಡಿ: ಪ್ರತಿ ಮೇ ತಿಂಗಳು ಯಾವ ಬೋಲ್ಟು ಬಿಗಿಯಬೇಕು, ಎಲ್ಲಿ ತುಕ್ಕು ನೋಡಬೇಕು, ದಡದ ಕಲ್ಲು ಎಷ್ಟು ಕೊರೆದರೆ ದಾರಿ ಮುಚ್ಚಬೇಕು. 20 ಮಿ.ಮೀ. ಬೋಲ್ಟಿಗೆ 30ನೇ ನಂಬರಿನ ಸ್ಪ್ಯಾನರ್ ಬೇಕು. ಅದು ಊರಲ್ಲಿ ಸಿಗದಿದ್ದರೆ ಒಂದನ್ನು ಕೊಂಡು ಶಾಲೆಯ ಬೀರುವಿನಲ್ಲಿಟ್ಟು ಬನ್ನಿ.