ಎಂಟು ಕೋರ್ ಇದ್ದರೂ ಕೊನೆಗೆ ದುಡಿಯುವುದು ಒಂದೇ

ಸಮಾಂತರ ಮರ್ಜ್ ಸಾರ್ಟ್ (ಪಟ್ಟಿಯನ್ನು ತುಂಡು ಮಾಡಿ ವಿಂಗಡಿಸಿ, ಆಮೇಲೆ ತುಂಡುಗಳನ್ನು ಜೋಡಿಸುವ ವಿಧಾನ) ಬರೆಯುವವರು ವಿಂಗಡಣೆಯನ್ನು ಎಂಟು ಥ್ರೆಡ್‌ಗೆ (ಪ್ರೊಸೆಸರ್‌ನ ಒಂದೊಂದು ಕೋರ್ ಮೇಲೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗೆ) ಹಂಚಿ, ಜೋಡಣೆಯನ್ನು ಹಾಗೇ ಬಿಡುತ್ತಾರೆ. ಒಂದು ಕೋಟಿ ಸಂಖ್ಯೆಗಳ ಲೆಕ್ಕ ನೋಡಿ. 12.5 ಲಕ್ಷದ ಎಂಟು ತುಂಡು ಜೋಡಿಸಲು ಮೊದಲ ಸುತ್ತಿಗೆ ನಾಲ್ಕು ಥ್ರೆಡ್, ಆಮೇಲೆ ಎರಡು, ಕೊನೆಗೆ ಒಂದು. ಮಿಕ್ಕವು ಕೈಕಟ್ಟಿ ಕೂರುತ್ತವೆ. ಒಂದು ಸಂಖ್ಯೆ ಬರೆಯುವುದು ಒಂದು ಹೆಜ್ಜೆ ಎಂದರೆ, 25 ಲಕ್ಷ, 50 ಲಕ್ಷ, ಒಂದು ಕೋಟಿ ಸೇರಿ 1.75 ಕೋಟಿ ಹೆಜ್ಜೆ ಕಾಯಬೇಕು. ಮೂರೂ ಸುತ್ತಿನಲ್ಲಿ ಎಂಟೂ ದುಡಿದರೆ 37.5 ಲಕ್ಷಕ್ಕೆ ಮುಗಿಯುತ್ತದೆ.

ಹಂತ 1: ಅರೇಯನ್ನು (ಸಂಖ್ಯೆಗಳನ್ನು ಸಾಲಾಗಿ ಇಟ್ಟ ಪಟ್ಟಿಯನ್ನು) ಎಂಟು ಪಾಲು ಮಾಡಿ, ಪ್ರತಿ ಥ್ರೆಡ್ ತನ್ನ ಪಾಲನ್ನು ಲೈಬ್ರರಿಯ ಸಾರ್ಟ್‌ನಿಂದ ವಿಂಗಡಿಸಲಿ. ಲಿಂಕ್ಡ್ ಲಿಸ್ಟ್ ಬೇಡವೇ ಬೇಡ. ಅದರ ನಡುವಿಗೆ ಹೋಗಲು ತುದಿಯಿಂದ ನಡೆಯಬೇಕು.

ಹಂತ 2: ಅಷ್ಟೇ ದೊಡ್ಡ ಇನ್ನೊಂದು ಅರೇಯನ್ನು ಒಂದೇ ಸಲ ಮೀಸಲಿಡಿ. ಒಂದರಿಂದ ಓದಿ ಇನ್ನೊಂದಕ್ಕೆ, ಸುತ್ತಿಗೊಮ್ಮೆ ಅದಲು ಬದಲು ಮಾಡಿ ಬರೆಯಿರಿ.

ಹಂತ 3: ಎಡವುವುದು ಇಲ್ಲೇ. ಅ ತುಂಡು 3, 5, 6, 8. ಬ ತುಂಡು 7, 9, 20, 30 ಎನ್ನಿ. ಎರಡನ್ನೂ ನಡುವೆ ಕತ್ತರಿಸಿ ಹಂಚಿದರೆ ಮೊದಲ ಥ್ರೆಡ್ 3, 5, 7, 9 ಬರೆಯುತ್ತದೆ, ಎರಡನೆಯದು 6ರಿಂದ ಶುರು ಮಾಡುತ್ತದೆ. ಕೆಟ್ಟಿತು. ಕತ್ತರಿಸಬೇಕಾದ್ದು ಉತ್ತರದ ಅರೇಯನ್ನು. ಅದರ ಮೊದಲ ನಾಲ್ಕು ಮನೆಗೆ ಅ ಇಂದ ಎಷ್ಟು ಬರುತ್ತವೆ ಎಂದು ಬೈನರಿ ಸರ್ಚ್‌ನಿಂದ (ಪ್ರತಿ ಸಲ ನಡುವೆ ನೋಡಿ ಅರ್ಧವನ್ನು ಕೈಬಿಡುವ ಹುಡುಕಾಟದಿಂದ) ಹುಡುಕಿ. ಮಿಕ್ಕದ್ದು ಬ ಪಾಲು. ಅ ಇಂದ ಎರಡು ಎಂದು ಊಹಿಸಿ: ಬ ಇಂದ ತೆಗೆದ 9, ಅ ದಲ್ಲಿ ಉಳಿದ 6ಕ್ಕಿಂತ ದೊಡ್ಡದು, ಅ ಸಾಲದು. ಮೂರು ಎಂದರೆ 6ರ ಎದುರು 9, 7ರ ಎದುರು 8. ಸರಿಹೋಯಿತು. 50 ಲಕ್ಷದ ತುಂಡಿಗೂ ಹೆಚ್ಚೆಂದರೆ 23 ಸಲ ನೋಡಿದರೆ ಸಾಕು.

ಅ ಇಂದ ತೆಗೆದ ಕೊನೆಯದು ಬ ದಲ್ಲಿ ಉಳಿದ ಮೊದಲನೆಯದಕ್ಕಿಂತ ಚಿಕ್ಕದು ಅಥವಾ ಸಮ ಇರಲಿ. ಬ ಇಂದ ತೆಗೆದ ಕೊನೆಯದು ಮಾತ್ರ ಅ ದಲ್ಲಿ ಉಳಿದ ಮೊದಲನೆಯದಕ್ಕಿಂತ ಖಡಾಖಂಡಿತ ಚಿಕ್ಕದಿರಲಿ. ಎರಡೂ ಕಡೆ 'ಚಿಕ್ಕದು' ಎಂದೇ ಬರೆದರೆ, ಎಲ್ಲ ಸಂಖ್ಯೆಯೂ ಒಂದೇ ಆಗಿರುವಾಗ ಕಡಿತದ ಜಾಗ ಸಿಗುವುದಿಲ್ಲ. ಎರಡೂ ಕಡೆ 'ಸಮ' ಬಿಟ್ಟುಕೊಟ್ಟರೆ ಸಮಾನ ಸಂಖ್ಯೆಗಳ ಮೂಲ ಕ್ರಮ ಕೆಡಬಹುದು. ಒಂದು ಬದಿ ಖಾಲಿಯಿದ್ದರೆ ಆ ಹೋಲಿಕೆ ಬಿಡಿ, ಇಲ್ಲವಾದರೆ ಅರೇಯ ಆಚೆ ಓದುತ್ತೀರಿ.

ಹಂತ 4: ಎಲ್ಲ ಥ್ರೆಡ್ ಮುಗಿಸುವ ತನಕ ಮುಂದಿನ ಸುತ್ತು ಶುರು ಮಾಡಬೇಡಿ.

ಜಾವಾ ಭಾಷೆಯಲ್ಲಿ ಬರೆಯುವವರಿಗೆ ಇಷ್ಟೆಲ್ಲ ಬೇಕಿಲ್ಲ. ಆವೃತ್ತಿ 8ರಿಂದ ಅರೇಸ್ ಕ್ಲಾಸಿನಲ್ಲೇ ಪ್ಯಾರಲಲ್ ಸಾರ್ಟ್ ಇದೆ. ಕೈಯಾರೆ ಬರೆದವರು ಯಾದೃಚ್ಛಿಕ ಸಂಖ್ಯೆಗಳಿಂದಷ್ಟೇ ಪರೀಕ್ಷಿಸಬೇಡಿ. ಎಲ್ಲವೂ 7 ಇರುವ ಅರೇ, ದೊಡ್ಡದರಿಂದ ಚಿಕ್ಕದಕ್ಕೆ ತಿರುಗುಮುರುಗಾಗಿ ಜೋಡಿಸಿದ ಅರೇ, ಎಂಟರಿಂದ ಭಾಗವಾಗದ ಉದ್ದದ ಅರೇ, ಇವನ್ನು ಮೊದಲು ಓಡಿಸಿ.