ಮಾಳಿಗೆ ಮೇಲಿನ ಧ್ವಜ ಪೈಪಿಗೇ ಸುತ್ತಿಕೊಳ್ಳುತ್ತಿತ್ತು

ನಮ್ಮ ಓಣಿಯಲ್ಲಿ ಗಾಳಿ ಮನೆಗಳ ನಡುವೆ ಸುಳಿದು ಬರುತ್ತದೆ. ಹೀಗಾಗಿ ಮಾಳಿಗೆ ಮೇಲಿನ ರಾಷ್ಟ್ರಧ್ವಜ ಯಾವಾಗ ನೋಡಿದರೂ ಕಬ್ಬಿಣದ ಪೈಪಿಗೇ ಸುತ್ತಿಕೊಂಡಿರುತ್ತಿತ್ತು. ತುಕ್ಕಿನ ಕಲೆ ಬೇರೆ. ಹಗ್ಗ ಬಿಗಿದರೂ ಅಷ್ಟೇ.

ಉಪಾಯ ಹೇಳಿದ್ದು ಪಕ್ಕದ ಮನೆಯ ಪ್ಲಂಬರ್ ಕಾಕಾ: "ಗಾಳಿ ತಿರುಗಿದಂಗ ಕೋಲೂ ತಿರುಗಬೇಕಲ್ಲೋ ತಮ್ಮಾ!" ಕಬ್ಬಿಣದ ಪೈಪಿನ ಮೇಲೆ ಸಡಿಲವಾಗಿ ಕೂರುವ ಪಿವಿಸಿ ಪೈಪ್ ತೊಡಿಸಿದೆವು. ಮೇಲ್ತುದಿಗೆ ಎಂಡ್ ಕ್ಯಾಪ್. ಆ ಕ್ಯಾಪ್ ಕಬ್ಬಿಣದ ತುದಿಯ ಮೇಲೆ ಕೂತು ಸಲೀಸಾಗಿ ತಿರುಗುತ್ತದೆ. ಒಂಚೂರು ಗ್ರೀಸ್ ಹಚ್ಚಿದರೆ ಸದ್ದೂ ಇಲ್ಲ. ಧ್ವಜವನ್ನು ಮೇಲೆ, ಕೆಳಗೆ ಎರಡೂ ಕಡೆ ಪಿವಿಸಿಗೇ ಕಟ್ಟಬೇಕು. ಒಂದು ತುದಿ ಕಬ್ಬಿಣಕ್ಕೆ ಕಟ್ಟಿದರೆ ಮತ್ತದೇ ರಗಳೆ.

ಹಳೆಯದರ ಅಂಚು ಹರಿದಿತ್ತು. ಹರಿದ ಧ್ವಜ ಹಾರಿಸುವಂತಿಲ್ಲ. ಯಾರಿಗೂ ಕಾಣದಂತೆ, ಗೌರವದಿಂದ ಸುಡುವುದು ಸರಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಘದಿಂದ 3x2 ಅಡಿಯದು ತಂದೆವು. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿಯಿದೆ, ಬೇಗ ಒಣಗುತ್ತದೆ ಕೂಡ. ಆದರೆ ಖಾದಿ ಧ್ವಜ ಹೊಲಿಯುವ ಹುಬ್ಬಳ್ಳಿಯಲ್ಲಿದ್ದು ಪಾಲಿಯೆಸ್ಟರ್‌ನದು ಕೊಳ್ಳಲು ಮನಸ್ಸಾಗಲಿಲ್ಲ.

2022ರ ಜುಲೈನಿಂದ ಮನೆಗಳಲ್ಲಿ ರಾತ್ರಿಯೂ ಹಾರಿಸಬಹುದು. ಜೋರು ಮಳೆ ಬಂದರೆ ಮಾತ್ರ ನಾವು ಇಳಿಸಿಬಿಡುತ್ತೇವೆ. ನೆನೆದ ಖಾದಿ ತಿರುಗುವುದೂ ಇಲ್ಲ, ಹಾರುವುದೂ ಇಲ್ಲ.